ಹೊಸ ಪ್ರೊಸೆಸರ್ ಬೇಕೇ?

ಮಕ್ಕಳೇ, ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳು. ನಮ್ಮ ಮನೆಯ ಡೆಸ್ಕ್‌ಟಾಪಿನಲ್ಲಿರುವುದು 2017ರ, ಇಂಟೆಲ್‌ನ ಏಳನೇ ತಲೆಮಾರಿನದು. ‘ತುಂಬಾ ನಿಧಾನ ತಾತ, ಎಂಟನೆಯದು ಹಾಕಿಸೋಣ’ ಎಂದಳು ಮೊಮ್ಮಗಳು.

ಎರಡಕ್ಕೂ 1151 ಸಂಪರ್ಕ ಬಿಂದುಗಳೇ. ಆದರೂ ಹಳೆಯ ಮದರ್‌ಬೋರ್ಡಿನಲ್ಲಿ ಹೊಸದು ನಡೆಯದು, ಅದನ್ನೂ ಬದಲಿಸಬೇಕು. ಹಾಗಾಗಿ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆವು. ಪ್ರೊಸೆಸರ್‌ಗೆ ಬಿಡುವಿತ್ತು, ಹಾರ್ಡ್‌ಡಿಸ್ಕ್ ಮಾತ್ರ ಶೇ 100ರಷ್ಟು ದುಡಿಯುತ್ತಿತ್ತು! ಅದರ ಬದಲು ಎಸ್‌ಎಸ್‌ಡಿ ಹಾಕಿಸಿದೆವು. ಈಗ ಚುರುಕಾಗಿದೆ.

ಇನ್ನೊಂದು ತೊಡಕಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ನಮ್ಮ ಪ್ರೊಸೆಸರನ್ನು ಒಪ್ಪದು. ಉಚಿತವಾಗಿ ಸಿಗುವ ಉಬುಂಟು ಹಾಕಿಕೊಂಡೆವು.

ಅಜ್ಜ-ಅಜ್ಜಿಯರೇ, ದುಡ್ಡು ತೆಗೆಯುವ ಮೊದಲು ಯಾವ ಭಾಗ ಏದುಸಿರು ಬಿಡುತ್ತಿದೆ ಎಂದು ಮೊಮ್ಮಕ್ಕಳ ಜತೆ ಕೂತು ನೋಡಿ.