'ಹೋಲ್ ಟ್ವೈಸ್' ಅಂದ್ರೆ ಏನು?

ಕೆಮಿಸ್ಟ್ರಿ ಸೈಕಲ್ ಮುಗಿದ ದಿನವೇ ನಮ್ಮಲ್ಲಿ ಹೆಚ್ಚಿನವರು ಆ ಪುಸ್ತಕವನ್ನು ಜೂನಿಯರ್‌ಗಳಿಗೆ ಕೊಟ್ಟು ಕೈ ತೊಳೆದುಕೊಂಡಿದ್ದೇವೆ. ನಾವೂ ಅದನ್ನೇ ಮಾಡಿದ್ದು. ಆದರೆ ಹೋದ ರಜೆಯಲ್ಲಿ ಕನಕಪುರದ ಹತ್ತಿರ ಗೆಳೆಯನ ಊರಿಗೆ ಹೋದಾಗ ಆ ಪುಸ್ತಕ ಮತ್ತೆ ನೆನಪಾಯ್ತು.

ಗೆಳೆಯನ ಮನೇಲಿ ರೇಷ್ಮೆ ಸಾಕ್ತಾರೆ. ಗೂಡು ರಾಮನಗರದ ಮಾರ್ಕೆಟ್‌ಗೆ ಹೋಗುತ್ತೆ. ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಲಿ, ರೋಗ ಹರಡದಿರಲಿ ಅಂತ ಮೇಲೆ ಸುಣ್ಣದ ಪುಡಿ ಉದುರಿಸ್ತಾರೆ. ಅವತ್ತು ಅವನ ಅಮ್ಮ ಮೂಲೇಲಿದ್ದ ಒಂದು ಚೀಲ ತೋರಿಸಿ ಕೇಳಿದರು: "ಹೋದ ಬೆಳೆಗೆ ತಂದಿದ್ದು ಕಣ್ರಪ್ಪ, ಬಾಯಿ ಕಟ್ಟದೆ ಹಂಗೇ ಬಿಟ್ಟಿದ್ದೆ. ಖಾರ ಹೋಗೈತೆ ಅಂತಾರೆ. ಯಾಕೆ? ಇಂಜಿನಿಯರಿಂಗ್ ಓದ್ತೀರಲ್ಲ, ಹೇಳಿ."

ನಾವು ನಾಲ್ಕು ಜನ, ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒಬ್ಬ ತಕ್ಷಣ "ಸಿ ಎ, ಓ ಎಚ್ ಹೋಲ್ ಟ್ವೈಸ್" ಅಂದ. ಅಮ್ಮ "ಹಂಗಂದ್ರೆ?" ಅಂದ್ರು. ಅಷ್ಟಕ್ಕೇ ನಮ್ಮ ಸರಕು ಖಾಲಿ.

ಉತ್ತರ ಕೊಟ್ಟಿದ್ದು ಗೆಳೆಯ. ಅವನು ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಫಸ್ಟ್ ಇಯರ್ ವೈವಾದಲ್ಲಿ ಇಂಗ್ಲಿಷ್ ಪದ ಸಿಗದೆ ತಲೆ ತಗ್ಗಿಸಿ ನಿಂತಿದ್ದವನು ಅವನೇ. ಆಗ ನಾವು ನಕ್ಕಿದ್ದೆವು, ಅದನ್ನೂ ಇಲ್ಲಿ ಬರೆಯಬೇಕು. ಈಗ ಅವನು ಅಮ್ಮನಿಗೆ ಹೇಳಿದ್ದು ಇಷ್ಟು: "ಅರಳಿದ ಸುಣ್ಣ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಹೀರ್ಕೊಂಡು ಸ್ವಲ್ಪ ಸ್ವಲ್ಪವಾಗಿ ವಾಪಸ್ ಸುಣ್ಣದ ಕಲ್ಲೇ ಆಗುತ್ತಮ್ಮ. ನೋಡೋಕೆ ಬೆಳ್ಳಗೇ ಇರುತ್ತೆ, ಆದ್ರೆ ಅದು ಸುಣ್ಣ ಅಲ್ಲ, ಕಲ್ಲಿನ ಪುಡಿ."

ನಾವು ಎರಡು ಚೀಲದಿಂದಲೂ ಚಿಟಿಕೆ ಪುಡಿ ತಂದು ಲ್ಯಾಬಲ್ಲಿ ಡೈಲ್ಯೂಟ್ ಎಚ್‌ಸಿಎಲ್ ಹಾಕಿ ನೋಡಿದೆವು. ಹೊಸದು ಸುಮ್ಮನೆ ಕರಗಿತು. ಹಳೆಯದು ಬುಸಬುಸ ಅಂತ ನೊರೆ ಬಂತು. ನೊರೆ ಅಂದ್ರೆ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರ್ತಿದೆ, ಅಂದ್ರೆ ಒಳಗಿರೋದು ಕ್ಯಾಲ್ಸಿಯಂ ಕಾರ್ಬೊನೇಟ್.

ಇದನ್ನೇ ಸಮೀಕರಣವಾಗಿ ಬರೆಯೋಣ: ಕ್ಯಾಲ್ಸಿಯಂ ಕಾರ್ಬೊನೇಟ್ + ಎಚ್‌ಸಿಎಲ್ → ಕ್ಯಾಲ್ಸಿಯಂ ಕ್ಲೋರೈಡ್ + ನೀರು + ಕಾರ್ಬನ್ ಡೈಆಕ್ಸೈಡ್. ಎಣಿಸಿ. ಬಲಗಡೆ ಕ್ಲೋರಿನ್ 2, ಎಡಗಡೆ 1. ಹೈಡ್ರೋಜನ್ ಕೂಡ ಬಲಕ್ಕೆ 2, ಎಡಕ್ಕೆ 1. ಎಚ್‌ಸಿಎಲ್ ಮುಂದೆ 2 ಹಾಕಿದ್ರೆ ಎರಡೂ ಕಡೆ ಸರಿಹೋಯ್ತು. ಮುಂದಿನ ಅಂಕಿ ಎಷ್ಟು ಅಣು ಅಂತ ಹೇಳುತ್ತೆ, ಕೆಳಗಿನ ಪುಟ್ಟ ಅಂಕಿ ಅಣುವಿನೊಳಗೆ ಎಷ್ಟು ಪರಮಾಣು ಅಂತ ಹೇಳುತ್ತೆ. ಮುಂದಿನದನ್ನು ಬದಲಿಸಬಹುದು, ಕೆಳಗಿನದನ್ನು ಮುಟ್ಟೋ ಹಾಗಿಲ್ಲ. ನೀರಿನ ಸೂತ್ರದಲ್ಲಿ ಆಕ್ಸಿಜನ್ ಕೆಳಗೆ ಒಂದು 2 ಸೇರಿಸಿದ್ರೆ ಲೆಕ್ಕ ಕೂಡಬಹುದು, ಆದ್ರೆ ಅದು ನೀರಲ್ಲ, ರೇಷ್ಮೆಯನ್ನು ಬೆಳ್ಳಗೆ ಮಾಡೋಕೆ ಬಳಸೋ ಹೈಡ್ರೋಜನ್ ಪೆರಾಕ್ಸೈಡ್. 'ಹೋಲ್ ಟ್ವೈಸ್' ಕೂಡ ಇಷ್ಟೇ: ಬ್ರಾಕೆಟ್ ಒಳಗಿನ ಓ ಮತ್ತು ಎಚ್ ಎರಡೆರಡು ಇವೆ ಅಂತ. ಒಂದು ಕ್ಯಾಲ್ಸಿಯಂ, ಎರಡು ಆಕ್ಸಿಜನ್, ಎರಡು ಹೈಡ್ರೋಜನ್. ಅಮ್ಮನಿಗೆ ಹೇಳೋಕೆ ಆಗದಷ್ಟು ಕಷ್ಟದ್ದೇನೂ ಅಲ್ಲ.

ನಾವು 'ಬ್ಯಾಲೆನ್ಸಿಂಗ್' ಅಂತ ಕಲಿತಿದ್ದನ್ನು ಕನ್ನಡ ಪಠ್ಯದಲ್ಲಿ 'ಸರಿದೂಗಿಸುವುದು' ಅಂತಾರೆ. ಅದರೊಳಗೆ 'ತೂಗು' ಇದೆ. ನಮಗೆ ಬ್ಯಾಲೆನ್ಸಿಂಗ್ ಅಂದ್ರೆ ಎರಡು ಮಾರ್ಕ್ಸ್‌ನ ಅಂಕಿ ಆಟ, ತೂಕದ ಯೋಚನೆ ತಲೆಗೇ ಬಂದಿರಲಿಲ್ಲ. 56 ಕೆ.ಜಿ. ಸುಟ್ಟ ಸುಣ್ಣಕ್ಕೆ 18 ಕೆ.ಜಿ. ನೀರು ಸೇರಿದ್ರೆ 74 ಕೆ.ಜಿ. ಅರಳಿದ ಸುಣ್ಣ. ಆ 74 ಕೆ.ಜಿ. ಪೂರ್ತಿ ಕೆಡಬೇಕಾದ್ರೆ 44 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹೀರಬೇಕು. ಆಗ ಸಿಗೋದು 100 ಕೆ.ಜಿ. ಕಾರ್ಬೊನೇಟ್, 18 ಕೆ.ಜಿ. ನೀರು. ಆ ಕಡೆ 118, ಈ ಕಡೆ 118. ಗೂಡಿನ ಮಾರ್ಕೆಟ್‌ನಲ್ಲಿ ತಕ್ಕಡಿ ಮುಂದೆ ನಿಂತ ರೈತರಿಗೆ ಈ ಲೆಕ್ಕ ನಮಗಿಂತ ಬೇಗ ಅರ್ಥ ಆಗುತ್ತೆ.

ಸರಿದೂಗಿದ ಮಾತ್ರಕ್ಕೆ ಸಮೀಕರಣ ನಿಜ ಅಂತಲೂ ಅಲ್ಲ. ಉಪ್ಪು + ನೀರು → ಕಾಸ್ಟಿಕ್ ಸೋಡಾ + ಎಚ್‌ಸಿಎಲ್ ಅಂತ ಬರೆದು ಎಣಿಸಿ ನೋಡಿ, ಎಲ್ಲಾ ಸರಿಯಾಗಿದೆ. ಹಾಗೆ ಆಗೋದಾಗಿದ್ರೆ ಸಾರಿಗೆ ಉಪ್ಪು ಹಾಕಿದವರ ಗತಿ? ಅಂಕಿ ಎಣಿಸೋದನ್ನಷ್ಟೇ ಕಲಿತವರು ಇದಕ್ಕೂ ಟಿಕ್ ಹಾಕ್ತಾರೆ. ನಾವೂ ಹಾಕ್ತಿದ್ದೆವು.

ಹಾಸ್ಟೆಲಲ್ಲಿರೋರು ಇದೊಂದನ್ನು ಗಮನಿಸಿ. ಹುಳು ಮನೆ ತೊಳೆಯೋ ಬ್ಲೀಚಿಂಗ್ ಪುಡಿಯೇ ನಮ್ಮ ಬಾತ್‌ರೂಮಿಗೂ ಬರುತ್ತೆ. ಅದರ ಜೊತೆ ಆಸಿಡ್ ಇರೋ ಟಾಯ್ಲೆಟ್ ಕ್ಲೀನರ್ ಸುರಿದ್ರೆ ಸಮೀಕರಣದ ಬಲಗಡೆ ಕ್ಲೋರಿನ್ ಗ್ಯಾಸ್ ಬರುತ್ತೆ. ಅದು ಶ್ವಾಸಕೋಶ ಸುಡೋ ವಿಷ. ಸೂತ್ರ ಓದೋಕೆ ಬಂದವರು ಡಬ್ಬಿ ಹಿಂದಿನ ಲೇಬಲ್ ನೋಡಿ ಕೈ ಹಿಂದೆ ತಗೋತಾರೆ.

ಇಂಗ್ಲಿಷ್ ಬೇಡ ಅನ್ನೋದು ನಮ್ಮ ವಾದ ಅಲ್ಲ. ಇಂಟರ್‌ವ್ಯೂ, ಪೇಪರ್ ಎಲ್ಲ ಅದರಲ್ಲೇ ಇದೆ. ಆದರೆ ಮನೆಯವರಿಗೆ ಕನ್ನಡದಲ್ಲಿ ಹೇಳೋಕೆ ಬರದಿದ್ದನ್ನು ನಾವು ಕಲಿತಿದ್ದೇವೆ ಅಂತ ಹೇಳಿಕೊಳ್ಳೋದು ಹೇಗೆ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ಬಂದ ಎಷ್ಟೋ ಗೆಳೆಯರು ಫಸ್ಟ್ ಇಯರಲ್ಲಿ ಹಿಂದಿನ ಬೆಂಚಲ್ಲಿ ಸುಮ್ಮನೆ ಕೂತಿರ್ತಾರೆ. ಗೊತ್ತಿಲ್ಲ ಅಂತಲ್ಲ, ಗೊತ್ತಿರೋ ಪದವನ್ನು ಅಲ್ಲಿ ಯಾರೂ ಕೇಳಲ್ಲ ಅಂತ.

ನಮ್ಮ ಸಂಘಕ್ಕೆ ನಮ್ಮದೊಂದು ಕೋರಿಕೆ. ರಾಜ್ಯೋತ್ಸವದ ಹಾಡು, ಕುಣಿತ ಇರಲಿ, ಜೊತೆಗೆ ತಿಂಗಳಿಗೊಂದು ಸಂಜೆ ಜೂನಿಯರ್‌ಗಳ ಜೊತೆ ಕನ್ನಡದಲ್ಲಿ ಕೆಮಿಸ್ಟ್ರಿ ಮಾತಾಡೋಣ. ಕನ್ನಡ ಮೀಡಿಯಂನವರು ನಮಗೆ ಪದ ಕಲಿಸಲಿ, ನಾವು ಅವರಿಗೆ ವೈವಾ ಇಂಗ್ಲಿಷ್ ಹೇಳಿಕೊಡ್ತೇವೆ. ಮೊದಲ ಸಂಜೆ ನಡೆಸಿಕೊಡೋಕೆ ಕನಕಪುರದ ಗೆಳೆಯ ಒಪ್ಪಿದ್ದಾನೆ. ಬರುವಾಗ ಮನೇಲಿರೋ ಯಾವುದಾದರೂ ಡಬ್ಬಿಯ ಲೇಬಲ್ ಒಂದು ತನ್ನಿ.