ಕೂಲಿ ಅಗ್ಗ, ಉತ್ಪಾದನೆ ದುಬಾರಿ

ಅಂಕಲಿ, ರಾಯಬಾಗ, ಅಥಣಿ ಭಾಗದ ಬೆಲ್ಲದ ಗಾಣ, ಇಟ್ಟಂಗಿ ಭಟ್ಟಿ ಹಾಗೂ ಸಣ್ಣ ಕಾರ್ಖಾನೆಗಳ ಮಾಲೀಕರಲ್ಲಿ, ಕೂಲಿ ದರ ಏರಿದರೆ ಉದ್ಯಮ ಉಳಿಯದೆಂಬ ನಂಬಿಕೆ ಬೇರೂರಿದೆ. ಗಣಿ ಉದ್ಯಮದ ಅನುಭವ ಈ ನಂಬಿಕೆಯನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ.

ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ದೊಡ್ಡ ಪ್ರಮಾಣದಲ್ಲಿ ಆರಂಭಿಸಿದ ಚಿನ್ನದ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತಿತು. ಅಲ್ಲಿನ ವೇತನ ಆಸ್ಟ್ರೇಲಿಯಾದ ಗಣಿ ಕಾರ್ಮಿಕನ ವೇತನದ ಅಲ್ಪಾಂಶವಷ್ಟೇ. ಆದರೂ ಒಂದು ಗ್ರಾಂ ಚಿನ್ನ ತೆಗೆಯುವ ವೆಚ್ಚ ಅದರ ಮಾರಾಟ ಬೆಲೆಯನ್ನು ಮೀರಿತ್ತು. ಅದಿರಿನಲ್ಲಿ ಚಿನ್ನದ ಅಂಶ ಕುಗ್ಗಿತ್ತು. ಕಾಲಕ್ರಮೇಣ ಸುರಂಗಗಳು 3 ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಗಾಳಿ ಒದಗಿಸಲು, ನೀರೆತ್ತಲು ಭಾರಿ ಖರ್ಚು ತಗಲುತ್ತಿತ್ತು.

ಆಸ್ಟ್ರೇಲಿಯಾದ ಕಾಲ್ಗೂರ್ಲಿಯ ತೆರೆದ ಗಣಿಯ ಅದಿರೂ ಸಮೃದ್ಧವೇನಲ್ಲ. ಆದರೆ ಅಲ್ಲಿ ಒಬ್ಬ ಚಾಲಕ ಒಂದೇ ಬಾರಿಗೆ 200 ಟನ್ನಿಗೂ ಹೆಚ್ಚು ಭಾರ ಸಾಗಿಸುತ್ತಾನೆ. ಅವನ ದೊಡ್ಡ ಸಂಬಳ ಅಷ್ಟೂ ಟನ್ನುಗಳ ಮೇಲೆ ಹಂಚಿಹೋಗುತ್ತದೆ. ಕೋಲಾರದ ಕಿರಿದಾದ, ಆಳದ ಪದರಗಳಿಗೆ ಅಂಥ ವಾಹನ ಹೊಂದದೆಂಬುದು ನಿಜ. ಆದ್ದರಿಂದಲೇ ದೇಶದೇಶಗಳ ದಿನಗೂಲಿಯನ್ನಷ್ಟೇ ಹೋಲಿಸಿದರೆ ಲೆಕ್ಕ ದಾರಿ ತಪ್ಪುತ್ತದೆ; ಪ್ರತಿ ಟನ್ನಿಗೆ ಬೀಳುವ ಕೂಲಿಯನ್ನು ಹೋಲಿಸಬೇಕು.

ಇದೇ ಕ್ರಮ ಈ ಭಾಗದ ಉದ್ದಿಮೆಗಳಿಗೂ ಅನ್ವಯಿಸುತ್ತದೆ. ಗಾಣದ ಮಾಲೀಕರು ಒಂದು ಕ್ವಿಂಟಲ್ ಬೆಲ್ಲಕ್ಕೆ, ಭಟ್ಟಿಯವರು ಸಾವಿರ ಇಟ್ಟಂಗಿಗೆ ಎಷ್ಟು ಕೂಲಿ ಬಿತ್ತೆಂಬುದನ್ನು ಲೆಕ್ಕದ ವಹಿಯಲ್ಲಿ ಬರೆದಿಡುವುದು ಒಳಿತು. ಯಂತ್ರ ಕೆಟ್ಟು ನಿಂತ ದಿನಗಳೂ ವಿದ್ಯುತ್ತಿಲ್ಲದೆ ಕಳೆದ ತಾಸುಗಳೂ ಆಗ ಎದ್ದು ಕಾಣುವವು. ಪಗಾರಕ್ಕೆ ಕತ್ತರಿ ಹಾಕುವ ಮುನ್ನ ಆ ನಷ್ಟವನ್ನು ತಡೆಯುವುದು ವಿವೇಕ.