ಐದು ಮತದ ಕ್ಷೇತ್ರ, ಮತ್ತು ನಮ್ಮ ಮನೆಗಳ ಮತ



ಊರಿನಿಂದ ನೆಂಟರು ಬಂದರೆ ನಾವೆಲ್ಲ ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಒಳ್ಳೆಯದೇ. ಕ್ಲರ್ಕನ್‌ವೆಲ್‌ನ ನವರೋಜಿ ಸ್ಟ್ರೀಟಿಗೆ ಎಷ್ಟು ಜನ ಹೋಗಿದ್ದೇವೆ?

ಆ ಭಾಗ ಹಿಂದೆ ಸೆಂಟ್ರಲ್ ಫಿನ್ಸ್‌ಬರಿ ಎಂಬ ಪಾರ್ಲಿಮೆಂಟ್ ಕ್ಷೇತ್ರವಾಗಿತ್ತು. 1832ರ ದೊಡ್ಡ ಫಿನ್ಸ್‌ಬರಿಯನ್ನು 1885ರಲ್ಲಿ ಒಡೆದಾಗ ಹುಟ್ಟಿದ್ದು. ಆಯುಸ್ಸು 33 ವರ್ಷ. 1918ರಲ್ಲಿ ಮತ್ತೆ ಫಿನ್ಸ್‌ಬರಿ ಎಂಬ ಒಂದೇ ಕ್ಷೇತ್ರದಲ್ಲಿ ಸೇರಿಹೋಯಿತು. 1950ರಲ್ಲಿ ಶೋರ್‌ಡಿಚ್ ಜೊತೆ ಗಂಟು ಬಿತ್ತು. 1974ರಿಂದ ಇಸ್ಲಿಂಗ್ಟನ್ ಸೌತ್ ಜೊತೆ ಸಂಸಾರ. (ನಮ್ಮ ಕನಕಪುರ ಲೋಕಸಭಾ ಕ್ಷೇತ್ರವೂ 2008ರ ವಿಂಗಡಣೆಯಲ್ಲಿ ಹೀಗೇ ಹೋಯಿತಲ್ಲ!)

ಅಷ್ಟು ಸಣ್ಣ ಆಯುಸ್ಸಿನಲ್ಲೇ ಅದು ದೊಡ್ಡ ಕೆಲಸ ಮಾಡಿತು. ಇಂಗ್ಲಿಷ್ ಕ್ಷೇತ್ರವೊಂದು ಕರಿಯನನ್ನು ಆರಿಸುವುದುಂಟೇ ಎಂಬರ್ಥದ ಮಾತನ್ನು ಪ್ರಧಾನಿ ಸಾಲ್ಸ್‌ಬರಿ 1888ರಲ್ಲಿ ಬಹಿರಂಗವಾಗಿ ಆಡಿದ್ದರು. 1892ರಲ್ಲಿ ಕ್ಲರ್ಕನ್‌ವೆಲ್‌ನ ಮತದಾರರು ದಾದಾಭಾಯಿ ನವರೋಜಿಯವರನ್ನು ಗೆಲ್ಲಿಸಿ ಉತ್ತರ ಕೊಟ್ಟರು. ಘೋಷಿಸಿದ ಅಂತರ ಐದು ಮತ!

ಗಂಡ, ಹೆಂಡತಿ, ಬೆಳೆದ ಮೂವರು ಮಕ್ಕಳು. ನಮ್ಮ ಸಂಘದ ಒಂದು ಮನೆ, ಅಷ್ಟೇ. ಆ ಮನೆಯವರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ಕೇಳಿ ನೋಡಿ. "ನಮ್ಮದಿನ್ನೂ ಇಂಡಿಯನ್ ಪಾಸ್‌ಪೋರ್ಟು ಡಾಕ್ಟ್ರೇ" ಎನ್ನುತ್ತಾರೆ. ಸ್ವಾಮೀ, ವೀಸಾ ಸರಿಯಿದ್ದು ಇಲ್ಲಿ ವಾಸವಿರುವ ಕಾಮನ್‌ವೆಲ್ತ್ ಪ್ರಜೆಗೆ ಈ ದೇಶದ ಪಾರ್ಲಿಮೆಂಟಿಗೂ ಮತ ಹಾಕುವ ಹಕ್ಕಿದೆ. ಮತಗಟ್ಟೆಯಲ್ಲಿ ತೋರಿಸಲು ಅದೇ ಪಾಸ್‌ಪೋರ್ಟು ಸಾಕು. "ಯಜಮಾನರು ಫಾರಂ ತುಂಬಿರಬೇಕು" ಎನ್ನುವ ತಾಯಂದಿರಿಗೆ ಒಂದು ಮಾತು: 2014ರಿಂದ ಅವರವರ ಹೆಸರು ಅವರವರೇ ಬರೆಸಬೇಕು.

ಈ ಉದಾಸೀನಕ್ಕೆ ಇನ್ನೊಂದು ದಂಡವಿದೆ. ಭಾರತದಲ್ಲಿ ಕ್ಷೇತ್ರದ ಗಡಿ ಎಳೆಯುವುದು ಜನಗಣತಿಯ ತಲೆ ಎಣಿಸಿ. ಇಲ್ಲಿ ಎಣಿಸುವುದು ಮತದಾರರ ಪಟ್ಟಿಯ ಹೆಸರುಗಳನ್ನು. 2023ಕ್ಕೆ ಮುಗಿದ ವಿಂಗಡಣೆಗೆ ಆಧಾರ 2020ರ ಮಾರ್ಚ್ 2ರ ಪಟ್ಟಿ. ಕೆಲವು ದ್ವೀಪಗಳಂಥವನ್ನು ಬಿಟ್ಟರೆ ಪ್ರತಿ ಕ್ಷೇತ್ರಕ್ಕೆ 69,724ರಿಂದ 77,062 ಮತದಾರರು. ಪಟ್ಟಿಯಲ್ಲಿ ಇಲ್ಲದವರು ಆ ಲೆಕ್ಕಕ್ಕೇ ಇಲ್ಲ. ಹೆಸರು ಬರೆಸದ ಜನ ಹೆಚ್ಚಿರುವ ಬಡಾವಣೆಗಳಲ್ಲಿ ಒಬ್ಬ ಎಂಪಿಯ ಪಾಲಿಗೆ ಹೆಚ್ಚು ಜನ ಬೀಳುತ್ತಾರೆ. ಆಮೇಲೆ ಶಾಲೆಯ ಸೀಟು, ವೀಸಾ ತೊಂದರೆ ಎಂದು ಅವರ ಬಾಗಿಲಲ್ಲಿ ಸಾಲು ನಿಲ್ಲುವವರೂ ನಾವೇ.

ನಾವೇನೂ ಸಾಚಾಗಳಲ್ಲ. ಆರಾರು ತಿಂಗಳಿಗೆ ಆಸ್ಪತ್ರೆ ಬದಲಿಸುತ್ತಿದ್ದ ಜೂನಿಯರ್ ಡಾಕ್ಟರ ಕಾಲದಲ್ಲಿ, ಹೋದ ಊರಿನಲ್ಲೆಲ್ಲ ಮೊದಲು ಬೇಳೆ ಸಿಗುವ ಅಂಗಡಿ ಹುಡುಕಿದೆವು. ಮತದಾರರ ಪಟ್ಟಿ ನೆನಪಾಗಲೇ ಇಲ್ಲ.

ಮುಂದಿನ ಯುಗಾದಿ ಊಟಕ್ಕೆ ತಲೆ ಲೆಕ್ಕ ಕೇಳಲು ಫೋನ್ ಮಾಡಿದಾಗ ಈ ಪ್ರಶ್ನೆಯನ್ನೂ ಕೇಳುತ್ತೇವೆ. ದಯವಿಟ್ಟು ಮುನಿಸಿಕೊಳ್ಳಬೇಡಿ.